ಸುಸ್ತಿಗೆ ಶಕ್ತಿಮಾತ್ರೆ: ಮೊದಲು ರಕ್ತ ನೋಡಿಸಿ

ಮಲೆ ಮಹದೇಶ್ವರ ಬೆಟ್ಟದಿಂದ ಪಾಲಾರ್ ಕಡೆಗೆ ಇಳಿದು ಕಾಡಿನೊಳಗೆ ಸಾಗಿದರೆ ಗೋಪಿನಾಥಂ ಸಿಗುತ್ತದೆ. ಹನೂರು ತಾಲ್ಲೂಕಿನ ಈ ಗಡಿ ಊರಿಗೆ ಕೊಳ್ಳೇಗಾಲಕ್ಕಿಂತ ತಮಿಳುನಾಡಿನ ಮೇಟ್ಟೂರೇ ಹತ್ತಿರ. ಹೊರಗಿನವರಿಗೆ ಇದು ಕಾಡುಗಳ್ಳ ವೀರಪ್ಪನ್ ಹುಟ್ಟಿದ ಊರು. ಊರಿನವರ ನೆನಪಿನಲ್ಲಿ ಉಳಿದಿರುವವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಇಲ್ಲೇ ನೆಲೆಸಿ ಮಾರಿಯಮ್ಮನ ಗುಡಿ ಕಟ್ಟಿಸಿದ, ಕಾಯಿಲೆ ಬಿದ್ದವರಿಗೆ ಔಷಧಿ ಒದಗಿಸಿದ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. ಕಾಡಂಚಿನ ಊರಿಗೆ ಆರೋಗ್ಯ ಎಷ್ಟು ದೂರದ ಮಾತು ಎಂಬುದನ್ನು ಅವರು ಆಗಲೇ ಅರಿತಿದ್ದರು.

ಜ್ವರ ಬಂದರೆ, ಹಾವು ಕಚ್ಚಿದರೆ ಹೇಗಾದರೂ ಬಸ್ಸು ಹಿಡಿಯುತ್ತಾರೆ. ಸುಸ್ತಿಗೆ, ಬೇಜಾರಿಗೆ ಯಾರೂ ಬಸ್ಸು ಹತ್ತುವುದಿಲ್ಲ. ‘ಮೈಯಲ್ಲಿ ಶಕ್ತಿಯೇ ಇಲ್ಲ’, ‘ಯಾವುದರಲ್ಲೂ ಮನಸ್ಸಿಲ್ಲ’ ಎನ್ನುವ ಹೆಣ್ಣುಮಗಳಿಗೆ ಸಿಗುವುದು ಅಂಗಡಿಯ ಟಾನಿಕ್ಕು, ಇಲ್ಲವೇ ಪೇಟೆಗೆ ಹೋದಾಗ ಹಾಕಿಸಿಕೊಂಡು ಬರುವ ಒಂದು ಬಾಟಲಿ ಗ್ಲೂಕೋಸು. ಶೇ 5ರ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಬಾಯಿಂದ ಕುಡಿಯಲು ಆಗುವವರಿಗೆ ಐದಾರು ಚಮಚ ಸಕ್ಕರೆ ಹಾಕಿದ ಪಾನಕ ಅದಕ್ಕಿಂತ ಕಡಿಮೆಯದೇನಲ್ಲ. ಬಾಟಲಿಗೆ ತೆತ್ತ ಹಣ ಮಾತ್ರ ಒಂದು ದಿನದ ಕೂಲಿಯನ್ನು ನುಂಗಿರುತ್ತದೆ.

ನಗರದಲ್ಲಿ ಇದೇ ಆಸೆಗೆ ಬೇರೆ ವೇಷ. ಮಲ್ಟಿವಿಟಮಿನ್, ಒಮೇಗಾ-3, ಅಶ್ವಗಂಧ, ಮೆಗ್ನೀಸಿಯಂ ಡಬ್ಬಿಗಳು ‘ಉತ್ಸಾಹ’, ‘ನೆಮ್ಮದಿ’ ಎಂಬ ಭರವಸೆ ಹೊತ್ತು ಮನೆ ಬಾಗಿಲಿಗೇ ಬರುತ್ತವೆ. ಆಹಾರ ಪೂರಕವೆಂದು ಮಾರುವ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂದು ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಆ ಸಾಲನ್ನು ಓದುವವರು ಕಡಿಮೆ.

ಹಾಗಾದರೆ ಮಾತ್ರೆಯಿಂದ ಹುರುಪು ಬರುವುದೇ ಸುಳ್ಳೆ? ಅಲ್ಲ. ಕೊರತೆ ಇದ್ದವರಿಗೆ ಬರುತ್ತದೆ, ಕೊರತೆ ಇಲ್ಲದವರಿಗೆ ಬರುವುದಿಲ್ಲ. ಇಡೀ ವಿಷಯದ ತಿರುಳು ಇಷ್ಟೇ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಇದಕ್ಕೆ ದೊಡ್ಡ ಕಾರಣ ಕಬ್ಬಿಣಾಂಶದ ಕೊರತೆ. ಕಬ್ಬಿಣಾಂಶ ರಕ್ತದಲ್ಲಿ ಆಮ್ಲಜನಕ ಹೊರುವುದಷ್ಟೇ ಅಲ್ಲ, ಮಿದುಳಿನಲ್ಲಿ ಡೋಪಮಿನ್, ಸೆರೊಟೋನಿನ್ ತಯಾರಾಗಲೂ ಬೇಕು. ಅದು ಕಮ್ಮಿಯಾದಾಗ ಮೈ ಸೋಲುವುದರ ಜೊತೆಗೆ ಮನಸ್ಸೂ ಮಂಕಾಗುತ್ತದೆ, ಸಣ್ಣ ಮಾತಿಗೂ ಸಿಡುಕು ಬರುತ್ತದೆ. ‘ಸೋಮಾರಿ’, ‘ಮುಂಗೋಪಿ’ ಎಂದು ಮನೆಯವರಿಂದ ಬೈಸಿಕೊಳ್ಳುವ ಎಷ್ಟೋ ಹೆಂಗಸರಿಗೆ ನಿಜವಾಗಿ ಬೇಕಿರುವುದು ಒಂದು ರಕ್ತಪರೀಕ್ಷೆ.

ಶ್ರೀಲಂಕಾದ ಚಹಾ ತೋಟದ ಕೂಲಿ ಹೆಂಗಸರ ಮೇಲೆ ನಡೆದ, 1979ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು: ರಕ್ತಹೀನತೆ ಇದ್ದವರಿಗೆ ಕಬ್ಬಿಣಾಂಶ ಕೊಟ್ಟಾಗ ಅವರು ಕೊಯ್ದ ಎಲೆಯ ತೂಕ ಹೆಚ್ಚಿತು. ಸ್ವಿಟ್ಜರ್ಲೆಂಡಿನ 144 ಮಹಿಳೆಯರ ಮೇಲಿನ 2003ರ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅವರು ಕಾರಣ ತಿಳಿಯದ ಸುಸ್ತಿನಿಂದ ಬಳಲುತ್ತಿದ್ದರೂ ಯಾರಿಗೂ ರಕ್ತಹೀನತೆ ಇರಲಿಲ್ಲ. ನಾಲ್ಕು ವಾರ ಕಬ್ಬಿಣದ ಮಾತ್ರೆ ನುಂಗಿದವರಲ್ಲಿ ಸುಸ್ತು ಶೇ 29ರಷ್ಟು ಇಳಿಯಿತು. ಹುಸಿಮಾತ್ರೆ ನುಂಗಿದವರಲ್ಲಿ ಇಳಿದದ್ದು ಶೇ 13 ಮಾತ್ರ. ಪ್ರಯೋಜನ ಕಂಡದ್ದು ದೇಹದ ಕಬ್ಬಿಣಾಂಶದ ದಾಸ್ತಾನು ಕಡಿಮೆ ಇದ್ದವರಲ್ಲಿ.

ಇನ್ನೊಂದು ಬದಿಯ ಲೆಕ್ಕವೂ ಸ್ಪಷ್ಟವಾಗಿದೆ. ಅಮೆರಿಕದಲ್ಲಿ 50 ದಾಟಿದ 18,353 ಜನರಿಗೆ ಸುಮಾರು ಐದು ವರ್ಷ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ ಅಥವಾ ಹುಸಿಮಾತ್ರೆ ಕೊಟ್ಟು ನೋಡಿದರು. ಖಿನ್ನತೆ ತಡೆಯುವುದರಲ್ಲಾಗಲಿ, ಮನಸ್ಸಿನ ಲವಲವಿಕೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ ಎಂದು 2020ರಲ್ಲಿ ಫಲಿತಾಂಶ ಹೊರಬಂತು. ಯುರೋಪಿನ ನಾಲ್ಕು ದೇಶಗಳಲ್ಲಿ ಖಿನ್ನತೆಯ ಅಪಾಯವಿದ್ದ, ತೂಕ ಹೆಚ್ಚಿದ್ದ ಸಾವಿರ ಜನರಿಗೆ ಹಲವು ಪೋಷಕಾಂಶ ಒಟ್ಟಿಗೆ ಕೊಟ್ಟ ಪ್ರಯೋಗವೂ 2019ರಲ್ಲಿ ಇದನ್ನೇ ಹೇಳಿತು. ತುಂಬಿದ ಕೊಡಕ್ಕೆ ನೀರು ಸುರಿದಂತೆ ಇದು.

ಹಾಗಾಗಿ ಗೋಪಿನಾಥಂನಂಥ ಊರಿಗೆ ಬೇಕಾದ ಶಕ್ತಿಮಾತ್ರೆ ದುಬಾರಿ ಡಬ್ಬಿಯಲ್ಲಿಲ್ಲ, ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಆ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ಬಸುರಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ, ಕನಿಷ್ಠ 180 ದಿನ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ. 2018ರಲ್ಲಿ ಶುರುವಾದ ‘ರಕ್ತಹೀನತೆ ಮುಕ್ತ ಭಾರತ’ ಕಾರ್ಯಕ್ರಮದಲ್ಲಿ ಜಂತುಹುಳುವಿನ ಮಾತ್ರೆಯೂ ಸೇರಿದೆ. ಬರಿಗಾಲಲ್ಲಿ ಓಡಾಡುವವರ ಪಾದದಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಹೋಗದಿದ್ದರೆ ಎಷ್ಟು ಕಬ್ಬಿಣಾಂಶ ಕೊಟ್ಟರೂ ಸೋರಿಹೋಗುತ್ತದೆ.

ಕೊಟ್ಟ ಮಾತ್ರೆ ಹೊಟ್ಟೆ ಸೇರುವುದು ಬೇರೆ ಮಾತು. ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಕಂಡು ಹೆದರಿ ಅರ್ಧಕ್ಕೇ ಬಿಡುವವರಿದ್ದಾರೆ. ಮಲ ಕಪ್ಪಾಗುವುದು ಸಹಜ ಎಂದು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಕಳೆಯುತ್ತದೆ. ಊಟವಾದ ಕೂಡಲೇ ಕುಡಿಯುವ ಟೀ, ಕಾಫಿ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತವೆ. ನೆಲ್ಲಿಕಾಯಿ, ನಿಂಬೆ ಹೆಚ್ಚಿಸುತ್ತವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಕಾಡಿನಿಂದ ಆಯ್ದು ತರುವ ನೆಲ್ಲಿಕಾಯಿ ರಾಗಿಮುದ್ದೆ, ಸೊಪ್ಪಿನ ಸಾರಿನ ಜೊತೆ ತಟ್ಟೆಗೆ ಬಂದರೆ ಅದಕ್ಕಿಂತ ಒಳ್ಳೆಯ ಜೋಡಿ ಬೇಕಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹುರಿದು ಹಿಟ್ಟು ಮಾಡಿದರೆ ಅದರ ಕಬ್ಬಿಣಾಂಶ ಮೈಗೆ ಇನ್ನಷ್ಟು ದಕ್ಕುತ್ತದೆ.

ಆದರೆ ರಕ್ತ ಕಮ್ಮಿ ಇದ್ದವರಿಗೆಲ್ಲ ಒಂದೇ ಮದ್ದಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ನಡುವೆ ಸಿಕಲ್ ಸೆಲ್ ರಕ್ತಹೀನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುತ್ತ ಬಂದಿದೆ. ಇದು ಹುಟ್ಟಿನಿಂದಲೇ ಬರುವ ಕಾಯಿಲೆ. ಕಬ್ಬಿಣದ ಮಾತ್ರೆಯಿಂದ ಇದು ವಾಸಿಯಾಗದು. ಇನ್ನು ಕೆಲವರ ರಕ್ತಹೀನತೆಗೆ ವಿಟಮಿನ್ ಬಿ12 ಕೊರತೆಯೂ ಕಾರಣವಿರಬಹುದು. ಹಾಲು, ಮೊಟ್ಟೆ, ಮಾಂಸ ಕಡಿಮೆ ತಿನ್ನುವವರಲ್ಲಿ, ಮಧುಮೇಹಕ್ಕೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಹೆಚ್ಚು. ಪಾದ ಜೋಮು ಹಿಡಿಯುವುದು, ಮರೆವು, ಮಂಕು ಅದರ ಲಕ್ಷಣ. ಥೈರಾಯಿಡ್ ತೊಂದರೆಯೂ ಇದೇ ಸುಸ್ತಿನ ವೇಷದಲ್ಲಿ ಬರುತ್ತದೆ.

ಹಿಮೋಗ್ಲೋಬಿನ್ 12 ಗ್ರಾಂ ದಾಟಿ, ಉಳಿದ ಪರೀಕ್ಷೆಗಳೂ ಸರಿಯಿದ್ದು, ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಆಸಕ್ತಿ ಕೆಟ್ಟಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. 2022ರ ಅಕ್ಟೋಬರ್ 10ರಂದು ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ. ಗಡಿ ಊರಿನವರಿಗೆ ಅನುಕೂಲವೆಂದರೆ ಅಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು.