ವ್ಯಾನ್ ರೆನ್ಸೆಲಾರ್ ಪಾಟರ್: ‘ಬಯೋಎಥಿಕ್ಸ್’ ಪದವೂ ನಮ್ಮ ಪಾಠಯೋಜನೆಯೂ

ಬೋಧನಾಭ್ಯಾಸದ ಪಾಠಯೋಜನೆಗಳನ್ನು ತಿದ್ದುವಾಗ ‘ಮೌಲ್ಯಗಳು’ ಎಂಬ ಅಂಕಣದಲ್ಲಿ ಒಂದೇ ವಾಕ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ‘ವಿದ್ಯಾರ್ಥಿಗಳು ಪರಿಸರದ ಬಗ್ಗೆ ಕಾಳಜಿ ಬೆಳೆಸಿಕೊಳ್ಳುವರು.’ ಆಹಾರ ಸರಪಳಿಯ ಪಾಠಕ್ಕೂ ಅದೇ, ಮಣ್ಣಿನ ಸವಕಳಿಯ ಪಾಠಕ್ಕೂ ಅದೇ. ಅಂಗಾಂಗ ಕಸಿಯೋ ತದ್ರೂಪಿ ಸೃಷ್ಟಿಯೋ ಬಂದಾಗ ಮಾತ್ರ ‘ಬಯೋಎಥಿಕ್ಸ್’, ಅಂದರೆ ಜೀವನೀತಿ, ಎಂಬ ಪದ ಕಾಣಿಸಿಕೊಳ್ಳುತ್ತದೆ. ಪರಿಸರಕ್ಕೆ ಕಾಳಜಿ, ವೈದ್ಯಕೀಯಕ್ಕೆ ನೀತಿ ಎಂಬ ಈ ವಿಭಜನೆ ನಮ್ಮ ಪ್ರಶಿಕ್ಷಣಾರ್ಥಿಗಳು ಹುಟ್ಟುಹಾಕಿದ್ದಲ್ಲ. ಆ ಪದವನ್ನು ಬಳಕೆಗೆ ತಂದ ವಿಜ್ಞಾನಿಯೇ ಇದನ್ನು ಒಪ್ಪಿರಲಿಲ್ಲ.

ವ್ಯಾನ್ ರೆನ್ಸೆಲಾರ್ ಪಾಟರ್ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಸೌತ್ ಡಕೋಟ ರಾಜ್ಯದಲ್ಲಿ. ಪದವಿಯನ್ನು ಅಲ್ಲಿಯೇ ಪಡೆದು, 1938ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದರು. ಅದೇ ವಿಶ್ವವಿದ್ಯಾಲಯದ ಮ್ಯಾಕ್‌ಆರ್ಡಲ್ ಕ್ಯಾನ್ಸರ್ ಸಂಶೋಧನಾಲಯದಲ್ಲಿ ದಶಕಗಳ ಕಾಲ ದುಡಿದರು. ಕ್ಯಾನ್ಸರ್ ಕೋಶದ ಚಯಾಪಚಯ ಅವರ ಅಧ್ಯಯನದ ವಿಷಯ. ನೀತಿಶಾಸ್ತ್ರ ಅವರ ಓದಿನ ವಿಷಯವೇ ಆಗಿರಲಿಲ್ಲ. ಈ ಅಂಶವನ್ನು ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ‘ಮೌಲ್ಯದ ಮಾತು ಭಾಷಾ ಶಿಕ್ಷಕರದ್ದು’ ಎಂದು ಜಾರಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ.

1962ರಲ್ಲಿ ತಾವು ಓದಿದ ಸಂಸ್ಥೆಯಲ್ಲಿ ಉಪನ್ಯಾಸ ನೀಡುವ ಅವಕಾಶ ಅವರಿಗೆ ಬಂತು. ಕ್ಯಾನ್ಸರ್ ಬಗ್ಗೆ ಮಾತನಾಡಬಹುದಿತ್ತು. ಬದಲಿಗೆ, ‘ಪ್ರಗತಿ’ ಎಂದು ನಾವು ಕರೆಯುವುದು ಮನುಷ್ಯರನ್ನು ಎಲ್ಲಿಗೆ ಕೊಂಡೊಯ್ಯುತ್ತಿದೆ ಎಂದು ಕೇಳಿದರು. ಈ ಚಿಂತನೆಯೇ ಬೆಳೆದು 1970ರ ಲೇಖನವಾಯಿತು, ಮರುವರ್ಷ ‘ಬಯೋಎಥಿಕ್ಸ್: ಬ್ರಿಡ್ಜ್ ಟು ದ ಫ್ಯೂಚರ್’ ಎಂಬ ಪುಸ್ತಕವಾಯಿತು. ಪುಸ್ತಕದ ಅರ್ಪಣೆ ಆಲ್ಡೊ ಲಿಯೋಪೋಲ್ಡ್ ಅವರಿಗೆ. ಲಿಯೋಪೋಲ್ಡ್ ಅದೇ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆಯ ಪ್ರಾಧ್ಯಾಪಕರಾಗಿದ್ದವರು. ಮಣ್ಣು, ನೀರು, ಗಿಡ, ಪ್ರಾಣಿಗಳ ಸಮುದಾಯಕ್ಕೆ ಮನುಷ್ಯ ಒಡೆಯನಲ್ಲ, ಸದಸ್ಯ ಎಂದವರು.

ಪುಸ್ತಕದ ಒಂದು ಪರಿಕಲ್ಪನೆ ತರಗತಿಗೆ ತುಂಬ ಉಪಯುಕ್ತ: ‘ಅಪಾಯಕಾರಿ ಜ್ಞಾನ’. ಜ್ಞಾನ ತಾನಾಗಿ ಕೆಟ್ಟದ್ದೆಂದು ಪಾಟರ್ ಹೇಳಲಿಲ್ಲ. ಅದನ್ನು ನಿಭಾಯಿಸುವ ವಿವೇಕಕ್ಕಿಂತ ವೇಗವಾಗಿ ಜ್ಞಾನ ಬೆಳೆದಾಗ ಅಪಾಯ ಎಂದರು. ಆದ್ದರಿಂದ ಜೀವವಿಜ್ಞಾನವನ್ನೂ ಮೌಲ್ಯಚಿಂತನೆಯನ್ನೂ ಜೋಡಿಸುವ ಸೇತುವೆ ಬೇಕು; ಅದೇ ಜೀವನೀತಿ.

ಆದರೆ 1971ರಲ್ಲಿಯೇ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಕೆನಡಿ ಸಂಸ್ಥೆ ಆರಂಭವಾಯಿತು. ಅಲ್ಲಿ ಅದೇ ಪದ ವೈದ್ಯ, ರೋಗಿ, ಸಂಶೋಧನೆಯ ಪ್ರಶ್ನೆಗಳಿಗೆ ಅಂಟಿಕೊಂಡಿತು, ಜಗತ್ತಿನಲ್ಲೆಲ್ಲ ಆ ಅರ್ಥವೇ ಹರಡಿತು. 1988ರಲ್ಲಿ ಪಾಟರ್ ‘ಗ್ಲೋಬಲ್ ಬಯೋಎಥಿಕ್ಸ್’ ಬರೆದು, ವೈದ್ಯಕೀಯ ನೀತಿಯೂ ಪರಿಸರ ನೀತಿಯೂ ಬೇರೆಯಾಗಿ ಉಳಿಯಬಾರದೆಂದು ಮತ್ತೆ ವಾದಿಸಿದರು. 2001ರಲ್ಲಿ ತೀರಿಕೊಂಡರು. (ಪಾಠದಲ್ಲಿ ‘ಪದವನ್ನು ಮೊದಲು ಸೃಷ್ಟಿಸಿದವರು’ ಎಂದು ಬರೆಸಬೇಡಿ. ಜರ್ಮನಿಯ ಫ್ರಿಟ್ಜ್ ಯಾರ್ 1927ರಲ್ಲೇ ಇದನ್ನು ಬಳಸಿದ್ದರು.)

ಪಾಟರ್ ಅವರ ವಾದ ನಮಗೆ ಅರ್ಥವಾಗಲು ದೂರ ಹೋಗಬೇಕಿಲ್ಲ. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಉದ್ದೇಶ ಬೆಳೆಗೆ ಬಂದ ಕೀಟದ ನಿಯಂತ್ರಣ. ಸುತ್ತಲಿನ ಊರುಗಳಲ್ಲಿ ಅಂಗವೈಕಲ್ಯ, ನರಸಂಬಂಧಿ ತೊಂದರೆಗಳ ದೂರು ಎದ್ದಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಬಳಕೆಗೆ ತಡೆ ನೀಡಿತು. ಇದು ಆಸ್ಪತ್ರೆಯ ಪ್ರಶ್ನೆಯೋ, ತೋಟದ ಪ್ರಶ್ನೆಯೋ? ಹೀಗೆ ಕೇಳಿದರೆ ಎಂಟನೇ ತರಗತಿಯ ಮಕ್ಕಳೂ ಎರಡನ್ನೂ ಬಿಡಿಸಲಾಗದು ಎಂಬಲ್ಲಿಗೆ ಬರುತ್ತಾರೆ. ಸಿಂಪಡಿಸುವವರಿಗೆ ಏನು ಗೊತ್ತಿತ್ತು, ಕೆಳಗಿದ್ದವರನ್ನು ಯಾರು ಕೇಳಿದರು, ಬಾವಿ ಮುಚ್ಚಿಡಲು ಹೇಳಿದವರಾರು ಎಂಬ ಪ್ರಶ್ನೆಗಳು ಆಮೇಲೆ ಅವರಿಂದಲೇ ಬರಬೇಕು.

ಚಟುವಟಿಕೆಗೂ ಪಾಟರ್ ಪುಸ್ತಕದಲ್ಲೇ ಮಾದರಿಯಿದೆ. ವ್ಯಕ್ತಿಗಳಿಗಾಗಿ ಅವರು ಬರೆದ ಜೀವನೀತಿಯ ಪ್ರತಿಜ್ಞೆಯಲ್ಲಿ ಪ್ರತಿಯೊಂದು ನಂಬಿಕೆಯ ಕೆಳಗೂ ಒಂದು ಬದ್ಧತೆಯಿದೆ. ಕಪ್ಪುಹಲಗೆಯ ಮೇಲೆ ಎರಡು ಅಂಕಣ ಎಳೆಯಿರಿ: ‘ನಾನು ನಂಬುವುದು’, ‘ಅದಕ್ಕಾಗಿ ನಾನು ಮಾಡುವುದು’. ಮೊದಲನೆಯದು ಐದು ನಿಮಿಷದಲ್ಲಿ ತುಂಬುತ್ತದೆ, ಏಕೆಂದರೆ ಘೋಷಣೆಗಳು ಮಕ್ಕಳಿಗೆ ಬಾಯಿಪಾಠ. ಎರಡನೆಯದಕ್ಕೆ ತರಗತಿ ಮೌನವಾಗುತ್ತದೆ. ಪಾಠ ವೀಕ್ಷಿಸುತ್ತಿರುವ ಉಪನ್ಯಾಸಕರು ಹಿಂದೆ ಕುಳಿತಿದ್ದಾರೆಂಬ ಗಾಬರಿಯಲ್ಲಿ ಪ್ರಶಿಕ್ಷಣಾರ್ಥಿ ತಾನೇ ಉತ್ತರ ಹೇಳಿಬಿಡುವುದು ಇಲ್ಲಿಯೇ. ಹಾಗೆ ಮಾಡದೆ ಕಾಯಿರಿ. ‘ನಮ್ಮ ತೋಟಕ್ಕೆ ಔಷಧಿ ಹೊಡೆಯುವ ದಿನ ಪಕ್ಕದ ಮನೆಯವರಿಗೆ ಮೊದಲೇ ಹೇಳುತ್ತೇವೆ’ ಎಂಬಷ್ಟು ಚಿಕ್ಕ ಉತ್ತರ ಬಂದರೂ ಅದನ್ನೇ ಬರೆಯಿರಿ. ಪಾಠಯೋಜನೆಯ ‘ಮೌಲ್ಯಗಳು’ ಅಂಕಣಕ್ಕೆ ಆ ವಾಕ್ಯ ಸಾಕು. ವೀಕ್ಷಕರಾದ ನಾವೂ ಆ ಮೌನದ ನಿಮಿಷಗಳಿಗೆ ಅಂಕ ಕಳೆಯುವುದನ್ನು ಬಿಡಬೇಕಾಗುತ್ತದೆ.