ಕೊರಿಯರ್‌ನಲ್ಲಿ ಬಂದ ಮೊಟ್ಟೆ ಮರಿಯಾಗಬೇಕಾದರೆ: ಕರಾವಳಿಯವರ ಲೆಕ್ಕವೇ ಬೇರೆ

ಭಟ್ಕಳದಿಂದ ಕುಮಟಾದವರೆಗೆ ಮನೆಹಿತ್ತಿಲಲ್ಲಿ ನಾಟಿಕೋಳಿ ಸಾಕುವವರು ಈಗೀಗ ಕೇಳುವ ಒಂದು ಪ್ರಶ್ನೆ ಇದು: “ಕಡಕ್‌ನಾಥ್ ಮೊಟ್ಟೆ ಕೊರಿಯರ್‌ನಲ್ಲಿ ತರಿಸಿದ್ದೆ. ಹನ್ನೆರಡರಲ್ಲಿ ಎರಡೇ ಮರಿ ಆಯ್ತು. ಮೋಸ ಆಯ್ತಾ?”

ಕೆಲವು ಸಲ ನಿಜವಾಗಿಯೂ ಮೋಸವೇ. ಆದರೆ ಬಹಳ ಸಲ ಮೊಟ್ಟೆ ಹೊರಟಾಗ ಚೆನ್ನಾಗಿಯೇ ಇರುತ್ತದೆ. ಅರ್ಧ ದಾರಿಯಲ್ಲಿ ಹಾಳಾಗುತ್ತದೆ, ಇನ್ನು ಕೆಲವು ನಮ್ಮ ಮನೆಯಲ್ಲಿ, ಇನ್‌ಕ್ಯುಬೇಟರ್‌ನೊಳಗೆ, ತೇವ ಹೆಚ್ಚಾಗಿ ಸಾಯುತ್ತವೆ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ “ಮೊದಲ ದಿನದಿಂದಲೇ ತಟ್ಟೆಯಲ್ಲಿ ನೀರಿಡಿ” ಅಂತ ಇರುತ್ತದೆ. ಅದು ಒಣ ಹವೆಯ ಊರಿಗೆ ಸರಿ. ಸಮುದ್ರದ ಬದಿಯಲ್ಲಿರುವ ನಮಗೆ ಅದೇ ಸಲಹೆ ತಿರುಗುಬಾಣ ಆಗ್ತದೆ.

ಯಾವ ಮೊಟ್ಟೆ ತರಿಸಬೇಕು, ಯಾವುದು ಬೇಡ

ಗಿರಿರಾಜ, ಸ್ವರ್ಣಧಾರಾ ಎರಡೂ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ತಳಿಗಳು. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದವು. ಇವೆಲ್ಲ ಬೇರೆ ಬೇರೆ ಹೆತ್ತವರ ಸಾಲುಗಳನ್ನು ಕೂಡಿಸಿ ಪಡೆದ ಕೋಳಿಗಳು. ಯಾರದೋ ಹಿತ್ತಿಲಲ್ಲಿ ಓಡಾಡುವ ಗಿರಿರಾಜ ಕೋಳಿಯ ಮೊಟ್ಟೆ ತಂದು ಮರಿ ಮಾಡಿದರೆ ಆ ಮರಿ ತಾಯಿಯ ಹಾಗೇ ಬೆಳೆಯುತ್ತದೆ ಅಂತ ಹೇಳಲಾಗದು. ತೋಟಗಾರಿಕೆ ಓದಿದ ನನಗೆ ಇದು ಹೈಬ್ರಿಡ್ ಟೊಮೆಟೊದ ಬೀಜ ತೆಗೆದು ಮತ್ತೆ ಬಿತ್ತಿದ ಹಾಗೆ ಕಾಣುತ್ತದೆ. ಇಂಥ ತಳಿ ಬೇಕಿದ್ದರೆ ವಿಶ್ವವಿದ್ಯಾಲಯ ಅಥವಾ ಸರ್ಕಾರಿ ಕೋಳಿ ಕೇಂದ್ರದಿಂದ ಒಂದು ದಿನದ ಮರಿಯನ್ನೇ ತರುವುದು ಸರಿ.

ಮೊಟ್ಟೆ ತರಿಸುವುದಕ್ಕೆ ಅರ್ಥ ಇರುವುದು ಕಡಕ್‌ನಾಥ್, ಅಸೀಲ್‌ನಂಥ ಶುದ್ಧ ತಳಿಗೆ. ಅವುಗಳಲ್ಲಿ ಮುಂದಿನ ಪೀಳಿಗೆಯನ್ನು ನಾವೇ ಬೆಳೆಸಿಕೊಳ್ಳಬಹುದು. ಒಂದು ಎಚ್ಚರ: ಕಡಕ್‌ನಾಥ್‌ನ ಮಾಂಸ ಕಪ್ಪು, ಮೊಟ್ಟೆ ಕಪ್ಪಲ್ಲ. ಅದು ತಿಳಿ ಕಂದು ಅಥವಾ ಕೆನೆ ಬಣ್ಣದ್ದು. ಮಧ್ಯಪ್ರದೇಶದ ಝಾಬುವಾದ ಈ ಕೋಳಿಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕ ಮೇಲೆ ಅದರ ಹೆಸರಲ್ಲಿ ವ್ಯಾಪಾರ ಜೋರಾಗಿದೆ. “ಕಪ್ಪು ಮೊಟ್ಟೆ” ಅಂತ ಫೋಟೊ ಹಾಕಿ ಮಾರುವವರಿಂದ ದೂರ ಇರಿ.

ಮಾರುವವರನ್ನು ಮೂರು ಪ್ರಶ್ನೆ ಕೇಳಿ. ಮೊಟ್ಟೆ ಇಟ್ಟು ಎಷ್ಟು ದಿನ ಆಯ್ತು? ಒಂದು ಹುಂಜಕ್ಕೆ ಎಷ್ಟು ಹೇಂಟೆ? ಫ್ರಿಜ್‌ನಲ್ಲಿ ಇಟ್ಟಿದ್ದರಾ? ನಾಲ್ಕು ದಿನದೊಳಗಿನ ಮೊಟ್ಟೆ, ಹುಂಜಕ್ಕೆ ಎಂಟು–ಹತ್ತು ಹೇಂಟೆ, ಫ್ರಿಜ್‌ನಲ್ಲಿ ಇಟ್ಟಿಲ್ಲ: ಈ ಉತ್ತರ ಬಂದರೆ ಮುಂದಿನ ಮಾತು. ಮೊಟ್ಟೆ ಇಟ್ಟು ಒಂದು ವಾರ ದಾಟಿದ ಮೇಲೆ ದಿನದಿನಕ್ಕೂ ಮರಿಯಾಗುವ ಶಕ್ತಿ ಇಳಿಯುತ್ತದೆ. ಪ್ರಯಾಣದ ದಿನಗಳೂ ಆ ವಾರದೊಳಗೇ ಸೇರುತ್ತವೆ ಅನ್ನುವುದು ನೆನಪಿರಲಿ.

ದಾರಿಯಲ್ಲಿ ಏನಾಗ್ತದೆ

ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿ ತುಂಬಿದ ಸಣ್ಣ ಜಾಗ ಇರುತ್ತದೆ. ಮರಿ ಹೊರಗೆ ಬರುವ ಮುಂಚೆ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲಿಂದಲೇ. ಪೆಟ್ಟಿಗೆ ಎತ್ತಿ ಎಸೆದರೆ, ಗಾಡಿ ಗುಂಡಿಯಲ್ಲಿ ಎಗರಿದರೆ ಈ ಗಾಳಿ ಜಾಗ ಒಳಪೊರೆಯಿಂದ ಸಡಿಲವಾಗಿ ಅತ್ತಿತ್ತ ಓಡಾಡುತ್ತದೆ. ಹೊರಗೆ ಚಿಪ್ಪು ಒಡೆದಿರುವುದಿಲ್ಲ. ಒಳಗೆ ಪೆಟ್ಟು ಬಿದ್ದಿರುತ್ತದೆ.

ಎರಡನೆಯದು ಬಿಸಿಲು. ಸುಮಾರು 20–21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಭ್ರೂಣ ನಿದ್ದೆಯಲ್ಲಿರುತ್ತದೆ. ಅದಕ್ಕಿಂತ ಮೇಲಾದರೆ ನಿಧಾನಕ್ಕೆ ಬೆಳೆಯಲು ಶುರು. ಏಪ್ರಿಲ್ ತಿಂಗಳ ಗೋದಾಮಿನ ಸೆಖೆಯಲ್ಲಿ ಅರೆಬರೆ ಬೆಳೆದು, ರಾತ್ರಿ ನಿಂತು, ಮತ್ತೆ ಹಗಲು ಬೆಳೆದು, ಕೊನೆಗೆ ಸಾಯುತ್ತದೆ. ಅದಕ್ಕೇ ನಮ್ಮ ಕಡೆಗೆ ಮೊಟ್ಟೆ ತರಿಸಲು ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಬೆಂಗಳೂರು ಕಡೆಯಿಂದಾದರೆ ರಾತ್ರಿ ಬಸ್ಸಿನ ಪಾರ್ಸೆಲ್ ಉತ್ತಮ. ಸಂಜೆ ಹತ್ತಿಸಿದರೆ ತಂಪು ಹೊತ್ತಿನಲ್ಲೇ ಘಟ್ಟ ಇಳಿದು ಬೆಳಿಗ್ಗೆ ಊರಿಗೆ ಬರುತ್ತದೆ. ಮೂರು ದಿನ ನಾಲ್ಕು ಗೋದಾಮು ಸುತ್ತುವುದು ತಪ್ಪುತ್ತದೆ.

ಅಮೆರಿಕದ ಅಂಚೆ ಇಲಾಖೆ 1918ರಿಂದಲೇ ಒಂದು ದಿನದ ಮರಿಗಳನ್ನು ಪಾರ್ಸೆಲ್‌ನಲ್ಲಿ ಸಾಗಿಸುತ್ತಿದೆ. ಮರಿ ಹೊರಬರುವ ಮೊದಲು ಉಳಿದ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುವುದರಿಂದ ಎರಡು–ಮೂರು ದಿನ ಆಹಾರ ಇಲ್ಲದೆ ತಡೆಯುತ್ತದೆ. ಮೊಟ್ಟೆಗೆ ಆ ಅನುಕೂಲ ಇಲ್ಲ.

ಪೆಟ್ಟಿಗೆ ಕೈಗೆ ಬಂದ ದಿನ

ಬಂದ ತಕ್ಷಣ ಯಂತ್ರಕ್ಕೆ ಹಾಕಬೇಡಿ. ತೊಳೆಯಲೂಬೇಡಿ. ತೊಳೆದರೆ ಚಿಪ್ಪಿನ ಮೇಲಿನ ತೆಳು ಲೇಪ ಹೋಗಿ, ಸೂಕ್ಷ್ಮ ರಂಧ್ರಗಳಿಂದ ರೋಗಾಣು ಒಳಗಿಳಿಯುತ್ತದೆ. ಮೊಟ್ಟೆಯ ಟ್ರೇಯಲ್ಲಿ ಚೂಪು ತುದಿ ಕೆಳಗೆ ಮಾಡಿ, ಮನೆಯ ತಂಪು ಮೂಲೆಯಲ್ಲಿ 24 ಗಂಟೆ ಸುಮ್ಮನೆ ಬಿಡಿ. ಆಮೇಲೆ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಗಾಳಿ ಜಾಗ ಗಟ್ಟಿಯಾಗಿ ನಿಂತಿದ್ದರೆ ಸರಿ. ಓಡಾಡುತ್ತಿದ್ದರೆ ಅಂಥವನ್ನು ಬೇರೆ ಗುರುತು ಮಾಡಿ, ಯಂತ್ರದಲ್ಲೂ ನಿಲ್ಲಿಸಿಯೇ ಇಟ್ಟು ಮೊದಲ ಎರಡು–ಮೂರು ದಿನ ಹೊರಳಿಸದೆ ಬಿಡಿ. ಕೂದಲೆಳೆ ಬಿರುಕು ಕಂಡರೆ ತೆಗೆದುಬಿಡಿ. ಅದು ಕೊಳೆತು ಉಳಿದವನ್ನೂ ಕೆಡಿಸುತ್ತದೆ.

ನೀರಿನ ತಟ್ಟೆ: ನಮ್ಮ ಹವೆಗೆ ನಮ್ಮ ಲೆಕ್ಕ

ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಶಾಖ ಬೇಕು. ಫ್ಯಾನ್ ಇಲ್ಲದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಮೈ ಹತ್ತಿರ ಅಳೆದಾಗ 38.5ರ ಸುಮಾರಿಗೆ ಇರಬೇಕು. ಯಂತ್ರದ ಮುಖದಲ್ಲಿ ಕಾಣುವ ಅಂಕಿಯನ್ನು ನಂಬದೆ ಜ್ವರ ನೋಡುವ ಥರ್ಮಾಮೀಟರ್‌ನಿಂದ ಒಮ್ಮೆ ತಾಳೆ ನೋಡಿ. 37.5 ಅಂದರೆ ಫ್ಯಾರನ್‌ಹೀಟ್‌ನಲ್ಲಿ 99.5.

ಇನ್ನು ತೇವ. ಮೊದಲ 18 ದಿನ ಒಳಗೆ ಶೇ 45–50 ಸಾಕು. ಕೊನೆಯ ಮೂರು ದಿನ 65–70 ಬೇಕು. ಗಾಳಿ ಬಿಸಿಯಾದಷ್ಟೂ ಅದರ ಸಾಪೇಕ್ಷ ತೇವ ಇಳಿಯುತ್ತದೆ. ಜುಲೈಯಲ್ಲಿ ಹೊನ್ನಾವರದ ಮನೆಯ ಕೋಣೆ 27 ಡಿಗ್ರಿ, ತೇವ ಶೇ 90 ಇದೆ ಅಂದುಕೊಳ್ಳಿ. ಅದೇ ಗಾಳಿ ಯಂತ್ರದೊಳಗೆ 37.5ಕ್ಕೆ ಬಿಸಿಯಾದಾಗ ತೇವ ಸುಮಾರು ಶೇ 50ಕ್ಕೆ ಬಂದು ನಿಲ್ಲುತ್ತದೆ. ಹನಿ ನೀರು ಹಾಕದೆಯೇ ನಮಗೆ ಬೇಕಾದಷ್ಟು! ಅದರ ಮೇಲೆ ಪುಸ್ತಿಕೆ ಹೇಳಿದಂತೆ ನೀರಿಟ್ಟರೆ 70 ದಾಟುತ್ತದೆ. ಜನವರಿಯಲ್ಲಿ ಕೋಣೆಯ ತೇವ ಶೇ 65ಕ್ಕೆ ಇಳಿದಾಗ ಮಾತ್ರ ಒಳಗೆ 35ರ ಸುಮಾರಿಗೆ ಬರುತ್ತದೆ. ಆಗ ಸಣ್ಣ ಬಟ್ಟಲಲ್ಲಿ ನೀರು ಬೇಕು.

ತೇವ ಹೆಚ್ಚಾದರೆ ಏನು ನಷ್ಟ? ಮೊಟ್ಟೆ 18 ದಿನದಲ್ಲಿ ತನ್ನ ತೂಕದ ಶೇ 12ರಷ್ಟು ನೀರನ್ನು ಆವಿಯಾಗಿ ಬಿಡಬೇಕು. ಬಿಡದಿದ್ದರೆ ಗಾಳಿ ಜಾಗ ಚಿಕ್ಕದಾಗಿಯೇ ಉಳಿಯುತ್ತದೆ. ಪೂರ್ತಿ ಬೆಳೆದ ಮರಿ 20ನೇ ದಿನ ಕೊಕ್ಕು ಎತ್ತಿದಾಗ ಉಸಿರಾಡಲು ಜಾಗವೇ ಇರದೆ ಒಳಗಿನ ನೀರಲ್ಲೇ ಮುಳುಗುತ್ತದೆ.

ಇದನ್ನು ಪರೀಕ್ಷಿಸಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಹತ್ತು ಮೊಟ್ಟೆ ಒಟ್ಟು 500 ಗ್ರಾಂ ಇದ್ದರೆ ಏಳನೇ ದಿನ 475–480, ಹದಿನೆಂಟನೇ ದಿನ 440ರ ಹತ್ತಿರ ಇರಬೇಕು. (ನಡುವೆ ಮೊಟ್ಟೆ ತೆಗೆದರೆ ಉಳಿದವುಗಳ ಲೆಕ್ಕ ಮಾತ್ರ ಹಿಡಿಯಿರಿ.) ತೂಕ ಇಳಿಯದಿದ್ದರೆ ನೀರು ತೆಗೆಯಿರಿ, ಗಾಳಿಯಾಡುವ ತೂತು ದೊಡ್ಡದು ಮಾಡಿ.

ತೇವಮಾಪಕವೂ ಸುಳ್ಳು ಹೇಳುವುದುಂಟು. ಒಂದು ಮುಚ್ಚಳದಲ್ಲಿ ಪುಡಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನಂತೆ ಮಾಡಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಗಂಟೆ ಇಡಿ. ಅದು ಶೇ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ ಐದು ಕಳೆದು ಓದಿ. ಇದಕ್ಕೆ ಸಾಣಿಕಟ್ಟಾದ ಹರಳುಪ್ಪು ಬೇಡ. ಅದರಲ್ಲಿ ಬೇರೆ ಲವಣಗಳೂ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಕರೆಂಟ್ ಹೋದರೆ ಮುಚ್ಚಳ ತೆಗೆಯಬೇಡಿ. ಗಾಳಿ ತೂತು ಬಿಟ್ಟು ಉಳಿದದ್ದಕ್ಕೆ ಕಂಬಳಿ ಹೊದೆಸಿ. ಕೆಲವು ಗಂಟೆ ತಣ್ಣಗಾದರೆ ಭ್ರೂಣ ತಡೆದುಕೊಳ್ಳುತ್ತದೆ, ಒಂದು ದಿನ ತಡವಾಗಿ ಮರಿ ಬರಬಹುದು ಅಷ್ಟೆ. ಅದಕ್ಕಿಂತ ಅಪಾಯ 40 ಡಿಗ್ರಿ ಮೀರಿದ ಶಾಖ.

ಮೋಸ ಆಯ್ತಾ? ಒಡೆದು ನೋಡಿ

ಏಳನೇ ದಿನ ಬೆಳಕಿಗೆ ಹಿಡಿದಾಗ ಕಪ್ಪು ಚುಕ್ಕೆ, ಸುತ್ತ ಜೇಡನ ಬಲೆಯಂಥ ಕೆಂಪು ನರಗಳು ಕಂಡರೆ ಜೀವ ಇದೆ. ಬರೀ ಕೆಂಪು ಬಳೆ ಕಂಡರೆ ಜೀವ ಹುಟ್ಟಿ ಬೇಗನೆ ಸತ್ತಿದೆ. ಸಾಗಾಟದ ಸೆಖೆ, ಕುಲುಕಾಟ ಅಥವಾ ಹಳೆಯ ಮೊಟ್ಟೆ ಕಾರಣ ಇರಬಹುದು. ಪೂರ್ತಿ ತಿಳಿಯಾಗಿದ್ದರೆ ಒಡೆದು ಭಂಡಾರ ನೋಡಿ. ಅದರ ಮೇಲೆ ಸಣ್ಣ ಬಿಳಿ ಚುಕ್ಕೆ ಮಾತ್ರ ಇದ್ದರೆ ಹುಂಜ ಕೂಡಿಲ್ಲ. ಹನ್ನೆರಡಕ್ಕೆ ಹನ್ನೆರಡೂ ಹೀಗಿದ್ದರೆ ಫೋಟೊ ತೆಗೆದು ಮಾರಿದವರನ್ನು ಧೈರ್ಯವಾಗಿ ಕೇಳಬಹುದು. 21ನೇ ದಿನದ ನಂತರ ಒಡೆದಾಗ ಪೂರ್ತಿ ಬೆಳೆದ ಮರಿ ಊದಿಕೊಂಡು ನೀರುನೀರಾಗಿ ಸತ್ತಿದ್ದರೆ ಮಾರಿದವರನ್ನು ಬೈದು ಪ್ರಯೋಜನ ಇಲ್ಲ. ಅದು ತೇವದ ಕೆಲಸ.

ಹೇಂಟೆ ಕೂತರೆ ಯಂತ್ರ ಬೇಡ

ನಮ್ಮ ಕೇರಿಯ ಹಿರಿಯರೊಬ್ಬರು ಹೇಳುವ ಮಾತು: “ತಮಾ, ಹೇಂಟೆಗೆ ಕರೆಂಟೂ ಬೇಡ, ಥರ್ಮಾಮೀಟರೂ ಬೇಡ.” ಖರೆ. ಶಾಖ, ಹೊರಳಿಸುವುದು, ದಿನಕ್ಕೊಮ್ಮೆ ಎದ್ದು ತಂಪು ಮಾಡುವುದು ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ನಾಟಿ ಹೇಂಟೆಯ ಕೆಳಗೆ ಹತ್ತು–ಹನ್ನೆರಡು ಮೊಟ್ಟೆ ಸಾಕು. ಮೊದಲು ಎರಡು ದಿನ ತಿನ್ನುವ ಮೊಟ್ಟೆ ಇಟ್ಟು ಗಟ್ಟಿಯಾಗಿ ಕೂರುತ್ತಾಳಾ ನೋಡಿ. ಆಮೇಲೆ ರಾತ್ರಿ ಹೊತ್ತು ಬದಲಿಸಿ. ಬುಟ್ಟಿಗೆ ಬೂದಿ ಹಾಕಿ ಮೇಲೆ ಒಣ ಹುಲ್ಲು ಹಾಸಿದರೆ ಹೇನಿನ ಕಾಟ ಕಡಿಮೆ. ಹಾವು, ಮುಂಗುಸಿ, ಹೆಗ್ಗಣ ನುಗ್ಗದ ಜಾಗ ಇರಲಿ.

ಗುಡುಗಿಗೆ ಮೊಟ್ಟೆ ಕೆಡ್ತದೆ ಅಂತ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುವವರಿದ್ದಾರೆ. ಕಬ್ಬಿಣದಿಂದ ಏನೂ ಆಗದು. ಆದರೆ ಗುಡುಗಿನ ತಿಂಗಳು ಅಂದರೆ ಸೆಖೆ, ತೇವ ಎರಡೂ ಹೆಚ್ಚಿರುವ ಕಾಲ. ಆಗ ಮೊಟ್ಟೆ ಹೆಚ್ಚು ಕೆಡುತ್ತವೆ ಅನ್ನುವುದನ್ನು ಹಿಂದಿನವರು ಸರಿಯಾಗಿಯೇ ಗಮನಿಸಿದ್ದರು.

ಹೆಚ್ಚು ಮೊಟ್ಟೆಗಾಗಿ ಆರಿಸಿದ ತಳಿಗಳಲ್ಲಿ ಕಾವು ಕೂರುವ ಗುಣ ಬಹಳ ಕಡಿಮೆ. ಮೊಟ್ಟೆ ಜಾಸ್ತಿ ಸಿಗ್ತದೆ ಅಂತ ಹಿತ್ತಿಲ ಕೋಳಿಗಳನ್ನೆಲ್ಲ ಅವುಗಳ ಜೊತೆ ಬೆರೆಸುತ್ತ ಹೋದರೆ ಎರಡು–ಮೂರು ಪೀಳಿಗೆಯಲ್ಲಿ ಕೂರುವ ಹೇಂಟೆಯೇ ಸಿಗುವುದಿಲ್ಲ. ಆಮೇಲೆ ಪ್ರತಿ ಮರಿಗೂ ಯಂತ್ರ, ಇಲ್ಲವೇ ಪೇಟೆ. ಚೆನ್ನಾಗಿ ಕೂತು, ಚೆನ್ನಾಗಿ ಮರಿ ಸಾಕುವ ನಾಟಿ ಹೇಂಟೆ ಒಂದೆರಡನ್ನಾದರೂ, ಅವುಗಳದೇ ಹುಂಜದ ಜೊತೆ, ಬೇರೆಯಾಗಿ ಉಳಿಸಿಕೊಳ್ಳಿ. ಹಬ್ಬಕ್ಕೆ ಕೊಯ್ಯುವಾಗ ಅವಳನ್ನು ಬಿಡಿ.

ಮರಿ ಬಂದ ಮೇಲೆ

ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. ಮರಿಗಳು ಬಲ್ಬಿನ ಕೆಳಗೆ ಗುಂಪಾದರೆ ಚಳಿ, ಅಂಚಿಗೆ ಓಡಿದರೆ ಸೆಖೆ. ನುಣುಪಾದ ಕಾಗದ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ. ಮೊದಲೆರಡು ದಿನ ಗೋಣಿಚೀಲ, ಆಮೇಲೆ ಭತ್ತದ ಉಮಿ. ಮಳೆಗಾಲದಲ್ಲಿ ಉಮಿ ಒದ್ದೆಯಾದರೆ ರಕ್ತಭೇದಿ ಗ್ಯಾರಂಟಿ. ದಿನಾ ಕೆದಕಿ, ಒದ್ದೆಯಾದದ್ದನ್ನು ಬದಲಿಸಿ.

5–7ನೇ ದಿನ ರಾಣಿಖೇತ್ (ಕೊಕ್ಕರೆ ರೋಗ) ಲಸಿಕೆಯನ್ನು ಕಣ್ಣಿಗೆ ಹನಿ ಹಾಕಿಸಬೇಕು. ಲಸಿಕೆಯ ಬಾಟಲಿ ನೂರಾರು ಮರಿಗಳ ಲೆಕ್ಕದ್ದು, ಒಮ್ಮೆ ಕಲಸಿದರೆ ಹೆಚ್ಚು ಹೊತ್ತು ಇಡಲಾಗದು. ಹಾಗಾಗಿ ಕೇರಿಯ ನಾಲ್ಕಾರು ಮನೆಯವರು ಒಂದೇ ವಾರ ಮರಿ ಮಾಡಿಸಿ, ಒಟ್ಟಿಗೆ ಪಶು ಆಸ್ಪತ್ರೆಯಲ್ಲಿ ವಿಚಾರಿಸುವುದು ಜಾಣತನ. ಬಿಳಿ ಭೇದಿಯಂಥ ರೋಗ ಮೊಟ್ಟೆಯ ಮೂಲಕವೇ ಬರುತ್ತದೆ. ಹೊರಗಿನ ಮೊಟ್ಟೆಯ ಮರಿಗಳನ್ನು ಒಂದು ತಿಂಗಳು ಮನೆಕೋಳಿಗಳ ಜೊತೆ ಬಿಡಬೇಡಿ. ಹೇಂಟೆಯಡಿ ಮಾಡಿಸಿದರೆ ತಾಯಿ–ಮರಿಗಳನ್ನು ಒಟ್ಟಿಗೇ ಬೇರೆ ಇಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಆದಂತೆ ಹಕ್ಕಿಜ್ವರದ ಸುದ್ದಿ ಇದ್ದಾಗ ಹೊರಗಿನಿಂದ ಏನನ್ನೂ ತರಿಸಬೇಡಿ.

ಕೊನೆಗೆ ದುಡ್ಡಿನ ಲೆಕ್ಕ

ಪ್ರಯಾಣ ಮಾಡಿದ ಮೊಟ್ಟೆಯಲ್ಲಿ ಅರ್ಧ ಮರಿಯಾದರೆ ಅದು ಒಳ್ಳೆಯ ಫಲಿತಾಂಶ. ಸಾಗಾಟ ಸೇರಿ ಡಜನ್‌ಗೆ 600 ರೂಪಾಯಿ ಬಿತ್ತು ಅಂತಿಟ್ಟುಕೊಳ್ಳಿ. ಆರು ಮರಿಯಾದರೆ ತಲಾ 100, ಮೂರೇ ಆದರೆ ತಲಾ 200. ಅವುಗಳಲ್ಲಿ ಅರ್ಧ ಹುಂಜ. ಇದಕ್ಕಿಂತ ಕಡಿಮೆಗೆ ಅದೇ ತಳಿಯ ಮರಿ ಹತ್ತಿರದಲ್ಲೇ ಸಿಗುವುದಾದರೆ ಮರಿಯನ್ನೇ ತನ್ನಿ. ಸಿಗದಿದ್ದರೆ, ನವೆಂಬರ್ ಬರಲಿ, ಒಂದು ಹೇಂಟೆ ಕೂರಲಿ, ಆಗ ಮೊಟ್ಟೆಗೆ ಹೇಳಿ. ಒಂದೇ ಡಜನ್ ಸಾಕು. ಅದರ ಫಲ ನೋಡಿ ಮುಂದಿನದ್ದು.