ನಿಮಗಿದು ಗೊತ್ತೆ? ಬಿಸಿಲಿಗೆ ಬಗ್ಗದ ಬಣ್ಣದ ಗುಟ್ಟು

ಸಿಂಧನೂರು ತಾಲೂಕಿನ ಗೊರೇಬಾಳ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಇಂಥ ಬಿಸಿಲಿಗೆ ತಗಡಿನ ಮೇಲಿನ ಸಾಧಾರಣ ಬಣ್ಣ ಬೇಗ ಮಾಸಿ ಪುಡಿಯೇಳುತ್ತದೆ. ಆದರೆ ಪಿವಿಡಿಎಫ್ ಎಂಬ ಪಾಲಿಮರ್ ಲೇಪನ ದಶಕಗಳ ಕಾಲ ತಾಳಬಲ್ಲದು.

● ಪೂರ್ತಿ ಹೆಸರು ಪಾಲಿವಿನೈಲಿಡೀನ್ ಫ್ಲೋರೈಡ್. ಇದರ ಸರಪಳಿಯಲ್ಲಿ ಒಂದು ಇಂಗಾಲಕ್ಕೆ 2 ಹೈಡ್ರೋಜನ್, ಮುಂದಿನದಕ್ಕೆ 2 ಫ್ಲೋರಿನ್. ತೂಕದಲ್ಲಿ ಸುಮಾರು ಶೇ 59ರಷ್ಟು ಫ್ಲೋರಿನ್ನೇ.

● ಇಂಗಾಲ–ಫ್ಲೋರಿನ್ ಬಂಧ ಮುರಿಯಲು ಮೋಲ್‌ಗೆ ಸುಮಾರು 485 ಕಿಲೋಜೌಲ್ ಶಕ್ತಿ ಬೇಕು. ನೆಲ ತಲುಪುವ ನೇರಳಾತೀತ ಕಿರಣಗಳಿಗೆ ಅಷ್ಟು ಬಲವಿಲ್ಲ.

● ಫ್ಲೋರಿನ್ನೇ ತುಂಬಿರುವ ಟೆಫ್ಲಾನ್ ಸುಮಾರು 327 ಡಿಗ್ರಿಯಲ್ಲಿ ಕರಗಿದರೂ ಸಲೀಸಾಗಿ ಹರಿಯದು. ಪಿವಿಡಿಎಫ್ 170 ಡಿಗ್ರಿ ಆಸುಪಾಸಿನಲ್ಲೇ ಕರಗಿ ಹರಿಯುತ್ತದೆ. ಹಾಗಾಗಿ ತಗಡಿನ ಮೇಲೆ ಬೇಯಿಸಿ ಕೂರಿಸುವುದು ಸುಲಭ.

● ಉತ್ತಮ ದರ್ಜೆಯ ಲೇಪನದ ರಾಳದಲ್ಲಿ ಸಾಮಾನ್ಯವಾಗಿ ಶೇ 70 ಪಿವಿಡಿಎಫ್, ಶೇ 30 ಅಕ್ರಿಲಿಕ್ ಇರುತ್ತದೆ. ಹಿಡಿತ ಕೊಡುವುದು ಅಕ್ರಿಲಿಕ್.

● ಸೌರಫಲಕಗಳ ಹಿಂಬದಿ ಹಾಳೆಗೂ ಇದನ್ನು ಬಳಸುತ್ತಾರೆ.

● ಎಚ್ಚರ: ಹಳೆಯ ಫಲಕ, ಲೇಪಿತ ತಗಡುಗಳನ್ನು ಸುಡಬೇಡಿ. ಪಿವಿಡಿಎಫ್ ಸುಟ್ಟರೆ ವಿಷಕಾರಿ ಹೈಡ್ರೋಜನ್ ಫ್ಲೋರೈಡ್ ಅನಿಲ ಹೊಮ್ಮುತ್ತದೆ.